ನಾನು ಹೊಡೆದು ಹಾಕಿದ ಸಾಲು

ಆಕೆ ನನ್ನ ಆಫೀಸಿಗೆ ಬಂದಾಗ ಕೈಯಲ್ಲಿದ್ದದ್ದು ಒಂದೇ ಒಂದು ಜೆರಾಕ್ಸ್ ಹಾಳೆ. ಅದನ್ನು ಆಸ್ಪತ್ರೆಯ ಚೀಟಿಗಳ ಕವರಿನಿಂದ ಹುಷಾರಾಗಿ ಎಳೆದು ಮೇಜಿನ ಮೇಲಿಟ್ಟು, ಅಂಗೈಯಲ್ಲಿ ಎರಡು ಸಲ ತೀಡಿ, "ಇದ್ರಲ್ಲಿ ನಾನಿಲ್ಲ ಕಣಣ್ಣ" ಎಂದಳು.

ಅದು ವಂಶವೃಕ್ಷ. ಜಮೀನು ಇದ್ದವನು ಸತ್ತ ಮೇಲೆ ಖಾತೆ ಮಕ್ಕಳ ಹೆಸರಿಗೆ ಬರಬೇಕಾದರೆ, ಆ ಮನೆಗೆ ಯಾರು ಯಾರು ಮಕ್ಕಳು ಎಂದು ಊರವರ ಸಾಕ್ಷಿ ಹಾಕಿಸಿ ಕಂದಾಯ ಇಲಾಖೆ ಕೊಡುವ ಪಟ್ಟಿ. ಮೇಲೆ ಆಕೆಯ ಅಪ್ಪನ ಹೆಸರು, ಪಕ್ಕದಲ್ಲಿ ಅವ್ವನ ಹೆಸರು, ಇಬ್ಬರ ಮುಂದೆಯೂ 'ಮೃತ' ಎಂಬ ಷರಾ. ಕೆಳಗೆ ಒಬ್ಬನೇ ಮಗ. ಆ ಮಗ ಆಕೆಯ ತಮ್ಮ. ಸಾತನೂರಿನಿಂದ ಒಳಗೆ ಹೋದರೆ ಸಿಗುವ ಆ ಊರಿನಲ್ಲಿ, ಆ ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದ್ದರೆಂದು ಎಲ್ಲರಿಗೂ ಗೊತ್ತು. ದೊಡ್ಡವನು ಹದಿನೇಳಕ್ಕೆ ಮನೆ ಬಿಟ್ಟು ಹೋದ. ಚನ್ನಪಟ್ಟಣದಲ್ಲಿ ಒಬ್ಬ ಹಿರಿಯ ಮಂಗಳಮುಖಿಯನ್ನು ಗುರುವೆಂದು ಒಪ್ಪಿ ಅವರ ಮನೆ ಸೇರಿ ಹೆಣ್ಣಾಗಿ ಬದುಕಿದ. ಬೊಂಬೆಗಳಿಗೆ ಬಣ್ಣ ಹಚ್ಚುತ್ತಾ ಐವತ್ತು ದಾಟಿದ ಆಕೆ, ಎರಡೂ ಕಿಡ್ನಿ ಕೆಟ್ಟು, ಈಗ ನನ್ನ ಮುಂದೆ ಕೂತಿದ್ದಳು.

"ಜಮೀನಲ್ಲಿ ಪಾಲು ಬೇಕೇನಮ್ಮ?" ಎಂದು ಕೇಳಿದೆ. ವಕೀಲನ ಬಾಯಿಗೆ ಮೊದಲು ಬರುವುದೇ ಅದು.

"ಪಾಲು ಇಸ್ಕೊಂಡು ನಾನೇನ್ ಈ ಮೈಯಲ್ಲಿ ಇಪ್ಪುನೇರಳೆ ಬೆಳೀಲಾ? ಅವ್ವನ್ ಪಕ್ಕ ಒಸಿ ಜಾಗ ಬೇಕು ಕಣಣ್ಣ. ಮಲಿಕ್ಕಳೋಕೆ. ಅಷ್ಟೇಯ."

ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಸತ್ತವರನ್ನು ಸ್ವಂತ ಹೊಲದ ಮೂಲೆಯಲ್ಲೇ ಮಣ್ಣು ಮಾಡುತ್ತಾರೆ. ಅವರ ಹೊಲದ ತುದಿಯಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ಅಪ್ಪನ ಗುಡ್ಡೆ, ಅವ್ವನ ಗುಡ್ಡೆ. ಅವ್ವ ಸತ್ತ ಮೂರನೆಯ ದಿನ ಗುಡ್ಡೆಗೆ ಹಾಲು ತುಪ್ಪ ಬಿಡುವಾಗ ಈಕೆ ರಸ್ತೆಯಲ್ಲಿ, ಬಸ್ಸಿಗೆ ಕಾಯುವವಳ ಹಾಗೆ ಮುಖಕ್ಕೆ ಸೆರಗು ಹಾಕಿಕೊಂಡು ನಿಂತಿದ್ದಳಂತೆ. ಯಾರೂ ಕರೆಯಲಿಲ್ಲ. ಬಂದ ಬಸ್ಸು ಹತ್ತಿ ವಾಪಸ್ಸು ಹೋದಳು. ಈಗ ಡಾಕ್ಟರು ಕೈ ಚೆಲ್ಲುವ ಹಾಗೆ ಮಾತಾಡಿದ ಮೇಲೆ ಆಕೆಗೆ ಇದ್ದ ಚಿಂತೆ ಒಂದೇ, ತನ್ನನ್ನು ಎಲ್ಲಿ ಹಾಕುತ್ತಾರೆ ಎಂಬುದು.

ನನ್ನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಮಾಗಡಿ ಕಡೆಯ ಒಂದು ಮನೆಯಲ್ಲಿ ಮಗಳಾಗಿ ಹುಟ್ಟಿದವನು. ಈಗ ಗಡ್ಡ ಇದೆ, ಜಿಲ್ಲಾಧಿಕಾರಿಗಳು ಕೊಟ್ಟ ಗುರುತಿನ ಪ್ರಮಾಣಪತ್ರ ಇದೆ, ಹೊಸ ಹೆಸರಿದೆ. ರಾಮನಗರದಲ್ಲಿ ಕಾನೂನು ಪಾಠ ಮಾಡುತ್ತೇನೆ, ನಮ್ಮವರ ಕೇಸು ನಡೆಸುತ್ತೇನೆ, ಸಭೆಗಳಲ್ಲಿ ಗಂಟಲು ಹರಿದುಕೊಳ್ಳುತ್ತೇನೆ. ಲಿಂಗತ್ವ ಅಲ್ಪಸಂಖ್ಯಾತರ ಉತ್ತರಾಧಿಕಾರದ ಬಗ್ಗೆ ದಪ್ಪನೆಯ ಒಂದು ಪ್ರಬಂಧ ಬರೆದಿದ್ದೇನೆ. ಆ ಪ್ರಬಂಧದ ಜಂಭ ನನ್ನ ತಲೆಯಲ್ಲಿತ್ತು ಎನ್ನುವುದನ್ನೂ ಹೇಳಬೇಕು, ಏಕೆಂದರೆ ಮುಂದೆ ನಡೆದದ್ದಕ್ಕೆ ಅದೂ ಕಾರಣ.

ಖಾತೆ ಬದಲಾವಣೆಗೆ ತಕರಾರು ಸಲ್ಲಿಸುವ ನೋಟಿಸಿನ ಅವಧಿ ಇನ್ನೂ ಮುಗಿದಿರಲಿಲ್ಲ. ಸಾತನೂರಿನ ನಾಡಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟೆ. ಜೊತೆಗೆ ಆಕೆಯ ಶಾಲೆಯ ವರ್ಗಾವಣೆ ಪತ್ರ, ಅದರಲ್ಲಿ ಹಳೆಯ ಗಂಡು ಹೆಸರು. ಅಪ್ಪನ ಹಳೆಯ ರೇಷನ್ ಕಾರ್ಡಿನ ನಕಲು, ಅದರಲ್ಲೂ ಅದೇ ಹೆಸರು. ಶಸ್ತ್ರಚಿಕಿತ್ಸೆಯ ನಂತರ ಜಿಲ್ಲಾಡಳಿತ ಕೊಟ್ಟ ಗುರುತಿನ ಪ್ರಮಾಣಪತ್ರ, ಅದರಲ್ಲಿ ಹೊಸ ಹೆಸರು, ಲಿಂಗದ ಕಡೆ 'ಹೆಣ್ಣು'. ಹಳೆಯ ಹೆಸರೂ ಹೊಸ ಹೆಸರೂ ಒಬ್ಬಳದೇ ಎಂದು ನೋಟರಿಯ ಮುಂದೆ ಮಾಡಿಸಿದ ಪ್ರಮಾಣ. ಸೋಮವಾರ ಮತ್ತು ಗುರುವಾರ ಆಕೆಗೆ ಡಯಾಲಿಸಿಸ್. ಹೀಗಾಗಿ ಯಾವ ಕಚೇರಿ ಯಾವ ದಿನ ಕೊಟ್ಟರೂ ನಾನು ಮೊದಲು ಕ್ಯಾಲೆಂಡರ್ ನೋಡುತ್ತಿದ್ದೆ. ಗುರುವಾರ ಕೊಟ್ಟರೆ ಮುಂದೂಡಿ ಎಂದು ಹಲ್ಲುಗಿಂಜಬೇಕಿತ್ತು. ಎರಡು ಸಲ ಹಾಗಾಯಿತು. ಮೂರನೆಯ ಸಲ ನಾವು ಹೋದಾಗ ಗ್ರಾಮ ಆಡಳಿತಾಧಿಕಾರಿಗೆ ವರ್ಗವಾಗಿತ್ತು. ಹೊಸಬರು ಬರುವ ತನಕ ಫೈಲು ಅಲ್ಲೇ ಬಿದ್ದಿತ್ತು.

ಬಂದ ಹೊಸಬರು ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ನೆಮ್ಮದಿಯ ಸ್ವಭಾವ. ಸ್ಥಳ ಮಹಜರು ಮಾಡಲು ಒಂದು ಬುಧವಾರ ಊರಿಗೇ ಬಂದರು. ಪಂಚಾಯಿತಿ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಊರಿನ ಹತ್ತಿಪ್ಪತ್ತು ಜನ ಸೇರಿದರು. ಆಕೆ ನನ್ನ ಕಾರಿನಿಂದ ಇಳಿದು, ಉಸಿರು ತೆಗೆದುಕೊಳ್ಳುತ್ತಾ, ತಲೆ ತುಂಬ ಸೆರಗು ಹೊದ್ದು ಬಂದು ನಿಂತಳು. ತಮ್ಮ ಎದುರಿಗಿದ್ದ. ಬಿಳಿ ಅಂಗಿ, ಮುಖ ಕಪ್ಪಿಟ್ಟಿತ್ತು. ಆಕೆಯ ಕಡೆ ತಿರುಗಿ ನೋಡಲಿಲ್ಲ.

"ನಮ್ಮಣ್ಣ ಸತ್ತೋಗವ್ನೆ ಸಾ" ಎಂದ.

"ಡೆತ್ ಸರ್ಟಿಫಿಕೇಟ್ ಇದೆಯೇನಪ್ಪಾ?" ಎಂದರು ಅಧಿಕಾರಿ.

"ಅದೆಲ್ಲಾ ಇಲ್ಲ. ನಮ್ಮಪ್ಪ ತಲೆ ಬೋಳಿಸ್ಕೊಂಡು ತಿಥಿ ಮಾಡವ್ನೆ. ಊರೆಲ್ಲಾ ಉಂಡೈತೆ. ಕೇಳಿ ಬೇಕಾದ್ರೆ."

ಕೇಳಿದರೆ, ಹೌದು, ಉಂಡಿದ್ದರು. ಮನೆ ಬಿಟ್ಟು ಹೋದ ಮಗ ಸೀರೆ ಉಟ್ಟನೆಂದು ತಿಳಿದ ವಾರವೇ ಅಪ್ಪ ತಿಥಿ ಮಾಡಿ ಊರಿಗೆ ಊಟ ಹಾಕಿಸಿದ್ದ. ಒಬ್ಬ ಮುದುಕ ಆ ಊಟದ ಕಾಳು ಸಾರನ್ನು ಇಷ್ಟು ವರ್ಷವಾದ ಮೇಲೂ ನೆನೆಸಿಕೊಂಡು ಹೊಗಳಿದ. ಅದನ್ನು ಕೇಳಿ ನನಗೆ ಮೈಯೆಲ್ಲಾ ಉರಿದು ಹೋಯಿತು. "ನಿನ್ನ ತಿಥಿ ಊಟ ಚೆನ್ನಾಗಿತ್ತಂತಮ್ಮಾ" ಎಂದು ಆಕೆಯ ಕಿವಿಯಲ್ಲಿ ಹೇಳಿದೆ, ಸಿಟ್ಟಿಗೆ. ಆಕೆ ನಕ್ಕಳು. "ನಂಗೊಬ್ಳಿಗೇ ಬಡಿಸ್ಲಿಲ್ಲ ನೋಡು" ಎಂದಳು.

ಗುರುತು ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಗಂಡಸರು ನೆಲ ನೋಡುತ್ತಾ ನಿಂತರು. ಕೊನೆಗೆ ಎದುರು ಮನೆಯ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು, "ಕೈ ತಾ ಇಲ್ಲಿ" ಎಂದು ಆಕೆಯ ಎಡಗೈ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಮೇಲೆ ಸುಟ್ಟ ಕಲೆಯಿತ್ತು. ರೇಷ್ಮೆ ಹುಳದ ಮನೆಯಲ್ಲಿ ಚಳಿಗಾಲಕ್ಕೆ ಇಡುತ್ತಿದ್ದ ಕೆಂಡದ ಬಾಂಡಲಿ ಮಗುವಾಗಿದ್ದಾಗ ತಗುಲಿದ್ದು. "ಇದಕ್ಕೆ ಮುಲಾಮು ಹಚ್ಚಿದ್ದು ನಾನೇ ಕಣ್ರಪ್ಪಾ. ಇದು ಆ ಮನೆ ದೊಡ್ಡ ಮಗೀನೇಯ. ಬರ್ಕೊಳ್ಳಿ, ನಾನು ಎಬ್ಬೆಟ್ಟು ಒತ್ತೀನಿ" ಎಂದಳು ಅಜ್ಜಿ. ಅಜ್ಜಿ ಒತ್ತಿದ ಮೇಲೆ ಇನ್ನು ನಾಲ್ಕು ಜನ ಗೊಣಗುತ್ತಾ ಸಹಿ ಹಾಕಿದರು.

ಅಧಿಕಾರಿ ಮಹಜರು ಬರೆಯುತ್ತಾ 'ಸಂಬಂಧ' ಎಂಬ ಕಾಲಂಗೆ ಬಂದು ಪೆನ್ನು ಎತ್ತಿದರು. ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ಒಂದು ಮಾತು. ಮಗ ಅಂತ ಬರೆದುಬಿಡೋಣ. ಶಾಲೆ ದಾಖಲೆ ಇದೆ, ರೇಷನ್ ಕಾರ್ಡ್ ಇದೆ, ಒಂದೇ ವಾರದಲ್ಲಿ ಮುಗಿಸ್ತೀನಿ. ಮಗಳು ಅಂದ್ರೆ ನಾನು ತೀರ್ಮಾನ ಮಾಡೋಕಾಗಲ್ಲ, ತಹಶೀಲ್ದಾರ್ ಮುಂದೆ ಹೋಗಬೇಕು. ಈಯಮ್ಮನ ಸ್ಥಿತಿ ನೋಡಿದ್ರೆ ಅಷ್ಟು ದಿನ…" ಎಂದು ನಿಲ್ಲಿಸಿದರು.

ಒಳ್ಳೆಯ ಮನುಷ್ಯ, ಒಳ್ಳೆಯ ಮಾತು. ಆದರೆ ನಾನು ಯಾವ ಜಾತಿಯ ಪ್ರಾಣಿ! 'ಕಾನೂನು ಹೆಣ್ಣೆಂದು ಒಪ್ಪಿದವಳನ್ನು ಮಗನೆಂದು ಬರೆಯುವುದು ಘನತೆಗೆ ಧಕ್ಕೆ' ಎಂದು ನನ್ನ ಪ್ರಬಂಧದಲ್ಲಿ ಒಂದು ಇಡೀ ಅಧ್ಯಾಯ ಬರೆದವನು. ಆ ಅಧ್ಯಾಯಕ್ಕೆ ಒಂದು ಆದೇಶದ ಬೆಂಬಲ ಬೇಕಾಗಿತ್ತು. ಆಕೆಯ ಹತ್ತಿರ ಹೋಗಿ ಎರಡೂ ದಾರಿ ಹೇಳಿದೆ. ಹೇಳಿದ್ದು ನಿಜ, ಆದರೆ ಯಾವುದನ್ನು ಹೇಗೆ ಹೇಳಿದರೆ ಕೇಳುವವರು ಯಾವ ಕಡೆ ವಾಲುತ್ತಾರೆ ಎಂದು ವಕೀಲನಿಗೆ ಗೊತ್ತಿರುತ್ತದೆ.

"ಮಗಳು ಅಂತ ಬರೀತಾರಾ? ಸರ್ಕಾರದೋರೇ ಬರೀತಾರಾ?" ಎಂದಳು. ಆ ಬಾಡಿದ ಮುಖ ಅರಳಿದ್ದನ್ನು ನೋಡಿ ನನಗೂ ಸಂತೋಷವಾಯಿತು. ಅಧಿಕಾರಿಗೆ ಹೋಗಿ, "ತಹಶೀಲ್ದಾರ್ ಹತ್ತಿರಾನೇ ಹೋಗೋಣ" ಎಂದೆ.

ಕನಕಪುರದ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆದೆವೋ ಲೆಕ್ಕವಿಲ್ಲ. ಮೆಟ್ಟಿಲು ಹತ್ತಲು ಆಕೆಗೆ ಆಗುತ್ತಿರಲಿಲ್ಲ. ಆಕೆಯ ಗುರು, ಎಪ್ಪತ್ತು ದಾಟಿದವರು, ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ಹತ್ತಿಸುತ್ತಿದ್ದರು. ತಮ್ಮನ ಕಡೆಯ ವಕೀಲರು, ಹಾಗೆ ಬರೆಯುವ ಪದ್ಧತಿ ಇಲ್ಲ ಎಂದು ವಾದಿಸಿದರು. ನಾನು ಕಾಯ್ದೆಯ ಕಲಮುಗಳನ್ನು, ಮೇಲಿನ ಕೋರ್ಟಿನ ತೀರ್ಪುಗಳನ್ನು ಗುರುತು ಹಾಕಿ ಕೊಟ್ಟೆ. ತರಗತಿಯಲ್ಲಿ ಪಾಠ ಮಾಡುವಷ್ಟು ಹೊತ್ತು ಮಾತಾಡಿದೆ. ಕೊನೆಗೆ ಆದೇಶ ಬಂತು. ಪರಿಷ್ಕೃತ ವಂಶವೃಕ್ಷದಲ್ಲಿ ತಮ್ಮನ ಮೇಲೆ ಆಕೆಯ ಹೆಸರು, ಮುಂದೆ 'ಮಗಳು'. ಕಾರಿಡಾರಿನಲ್ಲಿ ನಿಂತು ಮೂರು ಸಲ ಓದಿಸಿದಳು. ಬಸ್ ಸ್ಟ್ಯಾಂಡಿನ ಎದುರು ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಆಸ್ಪತ್ರೆ ಚೀಟಿಗಳ ಕವರಿನಲ್ಲಿ ಇಟ್ಟುಕೊಂಡಳು. ನಾನು ಆ ದಿನ ಬೀಗುತ್ತಿದ್ದೆ.

ಆಮೇಲೆ ತಮ್ಮ ನನ್ನ ಆಫೀಸಿಗೆ ಬಂದ. ಜೊತೆಗೆ ಹೆಂಡತಿ ಮತ್ತು ಕನಕಪುರದ ಒಬ್ಬ ಪತ್ರ ಬರಹಗಾರ. ಬೈಯಲು ಬಂದಿರಬಹುದು ಎಂದುಕೊಂಡು ನಾನು ಸೊಂಟ ಕಟ್ಟಿ ಕೂತಿದ್ದೆ. ಅವನ ಮಾತು ಮೆತ್ತಗಿತ್ತು.

"ಸಾ, ಮಗಳು ಅಂತ ಆಯ್ತಲ್ಲ. ನಾನು ಅಪೀಲು ಗಿಪೀಲು ಓಗಾಕಿಲ್ಲ. ನಮ್ಮ ಅತ್ತೆದೀರು ಮೂರು ಜನ, ನಮ್ಮಪ್ಪನ ಅಕ್ಕತಂಗೀರು, ಎಲ್ರೂ ಅರಿಶಿಣ ಕುಂಕುಮಕ್ಕೆ ಅಂತ ಒಸಿ ದುಡ್ಡು ಇಸ್ಕೊಂಡು ಬಿಡುಗಡೆ ಪತ್ರಕ್ಕೆ ಸೈನ್ ಆಕವ್ರೆ. ಅದೇ ತರ ಇವ್ಳೂ ಆಕ್ಬುಟ್ರೆ ಮುಗೀತು."

ಅವನು 'ಇವ್ಳು' ಎಂದದ್ದನ್ನು ನಾನು ಗಮನಿಸಿದೆ. ಮಹಜರಿನ ದಿನ 'ಸತ್ತೋಗವ್ನೆ' ಎಂದಿದ್ದ.

ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದು ನಮ್ಮ ಕಡೆ ಇದ್ದದ್ದೇ. ಕಾಯ್ದೆಯಲ್ಲಿ ಸಮಪಾಲು ಇದೆ. ಆದರೆ ತವರು ಬೇಕು ಎನ್ನುವವಳು ಪಾಲು ಬಿಡಬೇಕು. ಬಿಟ್ಟರೆ ಹಬ್ಬಕ್ಕೆ ಕರೆಯುತ್ತಾರೆ, ಮಡಿಲು ತುಂಬುತ್ತಾರೆ. ನಾನೂ ಹಾಕಿದ್ದೇನೆ ಸಹಿ. ಗಡ್ಡ ಬರುವ ಮೊದಲು, ಮಾಗಡಿಯಲ್ಲಿ, ಲಂಗ ದಾವಣಿ ಉಟ್ಟು, ಅಪ್ಪ ತೋರಿಸಿದ ಜಾಗದಲ್ಲಿ. ಆ ಪತ್ರದಲ್ಲಿ ನಾನು ಇವತ್ತಿಗೂ ಮಗಳು. ಅದಕ್ಕೇ ಇಂಥ ಪತ್ರ ಕಂಡರೆ ನನಗೆ ಪಿತ್ತ ಕೆರಳುತ್ತದೆ.

ಅವರು ಹೋದ ಮೇಲೆ ಆಕೆಯನ್ನು ಕರೆಸಿ, ಬೇಡವೇ ಬೇಡ ಎಂದೆ. ಪಾಲು ವಿಭಾಗಕ್ಕೆ ದಾವಾ ಹಾಕೋಣ, ಈ ಆದೇಶ ಕೈಯಲ್ಲಿದ್ದರೆ ಗೆಲ್ಲುತ್ತೇವೆ, ಜಮೀನು ನಿನ್ನ ಹೆಸರಿಗೆ ಬಂದರೆ ಹೊಂಗೆ ಮರದ ಕೆಳಗೆ ಮಲಗಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದೆ.

"ಎಷ್ಟು ದಿನ ಆಯ್ತದೆ ದಾವಾ?"

ಸುಳ್ಳು ಹೇಳಲಿಲ್ಲ. "ವರ್ಷಗಳೇ ಆಗಬಹುದು."

ಆಕೆ ಕೈಯಲ್ಲಿದ್ದ ಡಯಾಲಿಸಿಸ್‌ನ ಉಬ್ಬಿದ ನರವನ್ನು ತೋರಿಸಿದಳು. ಅದು ಜೇನು ಹುಳ ಕಚ್ಚಿದ ಹಾಗೆ ಊದಿಕೊಂಡಿತ್ತು. "ಇದು ಕೇಳ್ತದಾ ವರ್ಷ ಅಂದ್ರೆ? ಅಣ್ಣ, ನಮ್ಮ ಅತ್ತೆದೀರು ಸೈನ್ ಆಕಿದ್ ದಿನ ನಾನು ಚಿಕ್ಕೋನು. ಅವ್ವ ಅವ್ರಿಗೆಲ್ಲಾ ಮಡಿಲಕ್ಕಿ ಕಟ್ಟಿದ್ಲು. ನಂಗೂ ಕಟ್ಟು ಅಂತ ಅತ್ತಿದ್ದೆ. ಬೆನ್ನಿಗೊಂದು ಬಿಟ್ಟಿದ್ಲು. ನಾನು ಸೈನ್ ಆಕ್ತೀನಿ."

ದಾವಾದ ಮಾತನ್ನು ಅಲ್ಲಿಗೇ ಬಿಟ್ಟೆ.

ಪತ್ರದ ಕರಡನ್ನು ನಾನೇ ಸಿದ್ಧಪಡಿಸುತ್ತೇನೆ ಎಂದು ಹಠ ಹಿಡಿದೆ. ಸರ್ವೆ ನಂಬರು, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಬಿಡುಗಡೆಯ ಮಾತು, ಎಲ್ಲಾ ಬರೆದು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: 'ಸದರಿ ಜಮೀನಿನ ಈಶಾನ್ಯ ಮೂಲೆಯಲ್ಲಿ, ತಾಯಿಯವರ ಸಮಾಧಿಯ ಪಕ್ಕದಲ್ಲಿ, ಬಿಡುಗಡೆ ಮಾಡಿಕೊಟ್ಟವರ ಮರಣಾನಂತರ ಅವರನ್ನು ಮಣ್ಣು ಮಾಡಲು ಸ್ಥಳ ಬಿಡತಕ್ಕದ್ದು.' ಆಕೆ ನನ್ನ ಹತ್ತಿರ ಬಂದದ್ದೇ ಈ ಒಂದು ಸಾಲಿಗೆ. ಉಳಿದದ್ದೆಲ್ಲ ನಮ್ಮ ಗಲಾಟೆ.

ನೋಂದಣಿಯ ದಿನ ಕನಕಪುರದ ಉಪನೋಂದಣಾಧಿಕಾರಿ ಕಚೇರಿಯ ಹೊರಗೆ, ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಪತ್ರ ಬರಹಗಾರ ಕರಡನ್ನು ಗಟ್ಟಿಯಾಗಿ ಓದಿದ. ಕೊನೆಯ ಸಾಲಿಗೆ ಬಂದು ನಿಲ್ಲಿಸಿ ನಾಲಿಗೆ ಕಚ್ಚಿಕೊಂಡ.

"ಏನ್ ಸಾರ್ ಇದು! ಅರಿಶಿಣ ಕುಂಕುಮದ ಪತ್ರದಲ್ಲಿ ಸಾವಿನ ಮಾತು ಬರೀತಾರಾ ಯಾರಾದ್ರೂ? ಮನೆ ಮಗಳಿಗೆ ಮಡಿಲು ತುಂಬೋ ದಿನ ಸಾರ್. ಇಷ್ಟು ವರ್ಷದಲ್ಲಿ ನಾನು ಬರೆದಿಲ್ಲ, ಬರೆಯಲ್ಲ."

"ಕಾನೂನಿಗೆ ಶಕುನ ಇಲ್ಲ ಕಣ್ರೀ" ಎಂದೆ ನಾನು.

ತಮ್ಮನ ಹೆಂಡತಿಯ ಕೈಯಲ್ಲಿ ಹಿತ್ತಾಳೆ ತಟ್ಟೆಯಿತ್ತು. ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿಣ, ರವಿಕೆ ಕಣ. ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಹೆದರಿದ ಮುಖ. ತಮ್ಮ ಹತ್ತಿರ ಬಂದು, "ಬರೆಯೋದೇನ್ ಬೇಡ ಸಾ. ಅವ್ವನ್ ಪಕ್ಕನೇ ಮಡಗ್ತೀನಿ. ನಾನೇ ಮಡಗ್ತೀನಿ. ಮಾತು ಅಂದ್ರೆ ಮಾತು" ಎಂದ. ಅವನ ಕಣ್ಣು ತೇವವಾಗಿತ್ತು. ಆಗ ಅವನು ನಾಟಕ ಮಾಡುತ್ತಿರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ನಾನು ಆಕೆಯ ಮುಖ ನೋಡಿದೆ. ಆಕೆ ತಟ್ಟೆಯನ್ನು ನೋಡುತ್ತಿದ್ದಳು.

"ತೆಗೆದ್ಬುಡಣ್ಣ" ಎಂದಳು. "ಒಳ್ಳೇ ದಿನ. ಅವ್ನು ಏಳ್ತಾವ್ನಲ್ಲ."

ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದೆ. ಬೇರೆ ಯಾರೂ ಅಲ್ಲ, ನಾನೇ. ಬಾಯಿ ಮಾತನ್ನು ನಂಬಬೇಡಿ, ಬರಹದಲ್ಲಿ ಇಡಿ ಎಂದು ಪ್ರತಿ ವರ್ಷ ಹುಡುಗರಿಗೆ ಮೊದಲ ತರಗತಿಯಲ್ಲೇ ಹೇಳುವ ನಾನು. ಬೇರೆ ಒಂದು ಕರಾರು ಪತ್ರ ಮಾಡಿಸಬಹುದಿತ್ತು. ಮರುದಿನ ಮಾಡಿಸೋಣ ಎಂದುಕೊಂಡೆ. ಮರುದಿನ ಗುರುವಾರ, ಡಯಾಲಿಸಿಸ್. ಆಮೇಲೆ ಕಾಲೇಜಿನಲ್ಲಿ ಪರೀಕ್ಷೆ, ಆಮೇಲೆ ಇನ್ನೊಂದು ಕೇಸು. ಅದು ಹಾಗೇ ಉಳಿಯಿತು.

ಒಳಗೆ ಕ್ಯಾಮೆರಾ ಮುಂದೆ ಕೂರಿಸಿ ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಬಣ್ಣ ಹಚ್ಚಿ ಹಚ್ಚಿ ಸವೆದ ಆಕೆಯ ಬೆರಳು ಯಂತ್ರಕ್ಕೆ ನಾಲ್ಕು ಸಲ ಒತ್ತಿದರೂ ಹಿಡಿಯಲಿಲ್ಲ, ಐದನೆಯದಕ್ಕೆ ಹಿಡಿಯಿತು. ಹೊರಗೆ ಬಂದ ಮೇಲೆ ತಮ್ಮನ ಹೆಂಡತಿ ಅದೇ ಬೆಂಚಿನ ಮೇಲೆ ಕೂರಿಸಿ ಮಡಿಲು ತುಂಬಿದಳು. ಆಕೆ ಸೆರಗು ಹಿಡಿದು ಮಗುವಿನ ಹಾಗೆ ಅಳುತ್ತಿದ್ದಳು. ದಾರಿಯಲ್ಲಿ ಕಾರಿನಲ್ಲಿ ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡಾಗ ಗುರು, "ಡಾಕ್ಟ್ರು ಬೇಡ ಅಂದವ್ರೆ ಕಣೇ" ಎಂದು ಗದರಿದರು. "ನಮ್ಮ ತವರಿಂದು" ಎಂದು ತಿಂದಳು.

ಐದು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಗುರು ಫೋನು ಮಾಡಿದರು. ಕಾಫಿ ಕುಡಿದು ಲೋಟ ಕೆಳಗಿಟ್ಟವಳು ಹಾಗೇ ಒರಗಿದಳಂತೆ. ನಾನು ಚನ್ನಪಟ್ಟಣ ಮುಟ್ಟುವ ಹೊತ್ತಿಗೆ ಹಜಾರದಲ್ಲಿ ಚಾಪೆಯ ಮೇಲೆ ಮಲಗಿಸಿ, ತಲೆ ಬಾಚಿ, ಮೊಣಕಾಲುದ್ದದ ಜಡೆ ಹಾಕಿದ್ದರು. ಸುತ್ತ ಅವರ ಮನೆಯ ಎಂಟು ಹತ್ತು ಜನ. ಗುರು ನನ್ನ ಕೈ ಹಿಡಿದು, "ಊರಿಗೆ ಕರ್ಕೊಂಡ್ ಓಗೋಣ ಲಾಯರಪ್ಪ, ಗಾಡಿಗೆ ಏಳಿವ್ನಿ" ಎಂದರು.

ತಮ್ಮನಿಗೆ ನಾನೇ ಫೋನು ಮಾಡಿದೆ. ವಿಷಯ ಹೇಳಿದೆ. ಬಿಕ್ಕಿದ ಶಬ್ದ ಕೇಳಿಸಿತು. ಆಮೇಲೆ, "ಒಸಿ ತಡೀರಿ ಸಾ, ದೊಡ್ಡೋರನ್ನ ಕೇಳಿ ಏಳ್ತೀನಿ" ಎಂದು ಇಟ್ಟ. ಒಂದು ಗಂಟೆ ಕಾದೆವು. ಮತ್ತೆ ನಾನೇ ಮಾಡಿದೆ.

"ಆಗಾಕಿಲ್ಲ ಸಾ" ಎಂದ. "ದೊಡ್ಡೋರೆಲ್ಲಾ ಕೂತವ್ರೆ. ಮನೆ ಹೆಣ್ಮಕ್ಳನ್ನ ತವರ ಹೊಲದಲ್ಲಿ ಮಣ್ಣು ಮಾಡಿದ್ದು ನಮ್ಮ ವಂಶದಲ್ಲೇ ಇಲ್ವಂತೆ. ಹೆಣ್ಮಕ್ಳು ಸೇರಿದ್ ಮನೇಲಿ ಆಗ್ಬೇಕು. ಅವ್ಳು ಆ ಗುರು ಮನೆ ಸೇರಿದೋಳು ತಾನೇ."

"ಮಾತು ಕೊಟ್ಟಿದ್ದೆಯಲ್ಲಯ್ಯಾ! ಮಾತು ಅಂದ್ರೆ ಮಾತು ಅಂದಿದ್ದೆಯಲ್ಲ!" ಎಂದು ಕೂಗಿದೆ. ಹಜಾರದಲ್ಲಿ ಅಳು ನಿಂತಿತು.

"ಕೊಟ್ಟಿದ್ದೆ ಸಾ. ಇಲ್ಲ ಅನ್ನಾಕಿಲ್ಲ." ಅವನ ದನಿ ಒಡೆಯಿತು. "ಮಗಳು ಅಂತ ನೀವೇ ಬರ್ಸಿದ್ರಲ್ಲ ಸಾ. ಊರೆಲ್ಲಾ ಒಪ್ಕೊಂಡ್ತು. ಈಗ ಅದನ್ನೇ ಇಡ್ಕಂಡವ್ರೆ. ಮಗ ಅಂತಾನೇ ಬುಟ್ಟಿದ್ರೆ ಅಪ್ಪನ್ ಪಕ್ಕ ನಾನೇ ಎಗಲು ಕೊಟ್ಟು ಮಡಗ್ತಿದ್ದೆ. ಯಾರು ತಡೀತಿದ್ರು?"

ಫೋನು ಕೈಯಲ್ಲಿ ಹಿಡಿದು ಹಿತ್ತಿಲಿಗೆ ಹೋದೆ. ಕಾನೂನು ಹುಡುಕಿದೆ. ಭಾನುವಾರ, ಕೋರ್ಟಿಲ್ಲ. ಸೋಮವಾರ ತಡೆಯಾಜ್ಞೆಗೆ ಹೋಗಬಹುದು, ಆದರೆ ಯಾವ ಹಕ್ಕಿನ ಮೇಲೆ? ಜಮೀನಿನ ಹಕ್ಕನ್ನು ಆಕೆಯಿಂದ ಬಿಡಿಸಿದ ಪತ್ರಕ್ಕೆ ಕರಡು ಬರೆದವನು ನಾನು. ಆ ಒಂದು ಸಾಲು ಇದ್ದಿದ್ದರೆ ಪೊಲೀಸ್ ರಕ್ಷಣೆ ಕೇಳಿಯಾದರೂ ಹೂಳಿಸುತ್ತಿದ್ದೆ. ಆ ಕರಡು ನನ್ನ ಫೈಲಿನಲ್ಲಿದೆ, ನನ್ನದೇ ನೀಲಿ ಶಾಯಿಯ ಗೀಟು ಅದರ ಮೇಲಿದೆ. ಬಲವಂತವಾಗಿ ಗಾಡಿ ತೆಗೆದುಕೊಂಡು ಹೋಗಿಬಿಡೋಣವೇ ಎಂದೂ ಯೋಚಿಸಿದೆ. ಹೊಲದ ಬದುವಿನಲ್ಲಿ ಆಕೆಯ ದೇಹ ಇಟ್ಟುಕೊಂಡು ಜಗಳವಾಡುವ ಚಿತ್ರ ಕಣ್ಣಿಗೆ ಬಂತು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು.

ಗುರು ಹಿಂದೆಯೇ ಬಂದಿದ್ದರು. "ಬುಡಪ್ಪಾ" ಎಂದರು. "ಬದುಕಿದ್ದಾಗ ರಸ್ತೇಲಿ ನಿಲ್ಸಿದ್ರು. ಸತ್ತ ಮೇಲೂ ನಿಲ್ಸೋದ್ ಬೇಡ. ಇಲ್ಲೇ ನಮ್ಮೂರ ಸ್ಮಶಾನದಲ್ಲಿ ಮಾಡೋಣ." ನಾನು ತಲೆಯಾಡಿಸಿದೆ. ಆ ದಿನ ನಾನು ತೆಗೆದುಕೊಂಡ ತೀರ್ಮಾನ ಅದೊಂದೇ, ಅದೂ ನನ್ನದಲ್ಲ.

ಮಧ್ಯಾಹ್ನ ಹೊರಡುವ ಹೊತ್ತಿಗೆ ಬಾಗಿಲಲ್ಲಿ ತಮ್ಮ ಮತ್ತು ಅವನ ಹೆಂಡತಿ ನಿಂತಿದ್ದರು. ಬಿಸಿಲಿನಲ್ಲಿ ಬೈಕಿನಲ್ಲಿ ಬಂದು ಮುಖ ಕೆಂಪಾಗಿತ್ತು. ಹೆಂಡತಿಯ ಎದೆಗೆ ಒಂದು ಬಟ್ಟೆ ಅಂಗಡಿಯ ಚೀಲ. ಅದರಲ್ಲಿ ಏನಿದೆ ಎಂದು ಅಲ್ಲಿದ್ದ ಎಲ್ಲರಿಗೂ ಹೇಳದೆಯೇ ಗೊತ್ತಾಯಿತು. ಹೆಣ್ಣುಮಗಳು ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು. ಅದನ್ನು ಹೊದಿಸದೆ ಹೆಣ ಎತ್ತುವುದಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಣ್ಣು ಕೊಡದವನು ಸೀರೆ ತಂದಿದ್ದಾನೆ! ಬಾಗಿಲಿಗೆ ಅಡ್ಡ ನಿಂತೆ. "ವಾಪಸ್ ತಗೊಂಡ್ ಹೋಗಿ" ಎಂದೆ. ತಮ್ಮ ತಲೆ ಬಗ್ಗಿಸಿದ, ಜಾಗ ಬಿಟ್ಟು ಕದಲಲಿಲ್ಲ. ಗುರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ತವರಿಂದ ಬಂದೈತೆ. ಬೇಡ ಅನ್ನೋಕೆ ನೀನ್ಯಾರು? ನಾನ್ಯಾರು? ಅವ್ಳು ಇದ್ದಿದ್ರೆ ಏನ್ ಅಂತಿದ್ಲು ಏಳು."

ನನಗೆ ಗೊತ್ತಿತ್ತು ಏನೆನ್ನುತ್ತಿದ್ದಳೆಂದು. ಬೆಂಚಿನ ಮೇಲೆ ಸೆರಗು ಹಿಡಿದು ಅತ್ತದ್ದನ್ನು ನೋಡಿದ್ದೆನಲ್ಲ. ದಾರಿ ಬಿಟ್ಟೆ.

ಹಸಿರು ಸೀರೆ, ಕೆಂಪು ಅಂಚು. ಗಂಡ ಹೆಂಡತಿ ಎರಡು ಕಡೆ ಹಿಡಿದು ಮೈ ಮೇಲೆ ಹರಡಿದರು. ಹೆಂಡತಿ ಹೂ ಮುಡಿಸಿದಳು, ಅರಿಶಿಣ ಹಚ್ಚಿದಳು. ತಮ್ಮ ಕಾಲಿನ ಹತ್ತಿರ ಕುಳಿತು ಸೀರೆಯ ಅಂಚನ್ನು ಪಾದದ ಮೇಲೆ ನೇರ ಮಾಡಿದ, ಮತ್ತೆ ಮತ್ತೆ ನೇರ ಮಾಡಿದ. ಆಮೇಲೆ ಇದ್ದಕ್ಕಿದ್ದಂತೆ ಆ ಪಾದಗಳ ಮೇಲೆ ಹಣೆ ಚಚ್ಚಿಕೊಳ್ಳುತ್ತಾ, "ಅಕ್ಕಾ… ಅಕ್ಕಾ…" ಎಂದು ಬೋರಿಟ್ಟ. ಹುಟ್ಟಿದಾಗಿನಿಂದ ಅವನ ಬಾಯಿಂದ ಆ ಮಾತು ಬಂದದ್ದು ಆವತ್ತೇ ಮೊದಲು. ಕೇಳಬೇಕಾದವಳು ಬೆಳಿಗ್ಗೆಯೇ ಹೋಗಿದ್ದಳು.

ಸ್ಮಶಾನದಲ್ಲಿ ಮಣ್ಣು ಎಳೆಯುವ ಮೊದಲು ಗುರು ಆ ಲ್ಯಾಮಿನೇಟ್ ಮಾಡಿದ ವಂಶವೃಕ್ಷವನ್ನು ನನಗೆ ತೋರಿಸಿ, ಇದನ್ನೂ ಜೊತೆಗೆ ಹಾಕಲೇ ಎಂದು ಕೇಳಿದರು. ಹಾಕಿ ಎಂದೆ. ನಾನು ಗೆದ್ದ ಕಾಗದ. ಅದರ ಪ್ರಮಾಣೀಕೃತ ನಕಲು ನನ್ನ ಹತ್ತಿರ ಇದೆ, ತರಗತಿಯಲ್ಲಿ ತೋರಿಸಲು ಇನ್ನೂ ಮನಸ್ಸು ಬಂದಿಲ್ಲ. ತಮ್ಮ ಮೂರು ಹಿಡಿ ಮಣ್ಣು ಹಾಕಿ, ಯಾರ ಜೊತೆಯೂ ಮಾತಾಡದೆ ಹೊರಟು ಹೋದ. ಮೂರನೆಯ ದಿನ ಹಾಲು ತುಪ್ಪಕ್ಕೂ ಬಂದಿದ್ದನಂತೆ. ನಾನು ಹೋಗಲಿಲ್ಲ. ಮುಖ ಇರಲಿಲ್ಲ.

ಸ್ಮಶಾನದಿಂದ ಬಂದ ದಿನವೇ ಸಂಜೆ ಸ್ನಾನ ಮಾಡಿ ಕೂತೆ. ಮಾಗಡಿಯ ನಮ್ಮ ಮನೆ ನೆನಪಾಯಿತು. ಅಲ್ಲಿಯೂ ಒಬ್ಬ ತಮ್ಮನಿದ್ದಾನೆ, ಒಳ್ಳೆಯವನೇ, ನನ್ನ ಬಿಡುಗಡೆ ಪತ್ರ ಅವನ ಬೀರುವಿನಲ್ಲಿದೆ. ನಾನು ಸತ್ತ ದಿನ ಅವನೂ ಸಂಪ್ರದಾಯ ತಪ್ಪದೆ ಒಂದು ಸೀರೆ ತೆಗೆದುಕೊಂಡು ಬಸ್ಸು ಹತ್ತುತ್ತಾನೆ. ಈ ಗಡ್ಡದ ಮೇಲೆ ಅದನ್ನು ಹೊದಿಸಿ ಅಳುತ್ತಾನೆ. ಅದು ಪ್ರೀತಿಯಿಂದಲೇ ಆಗುತ್ತದೆ, ಅದೇ ಭಯ.

ಎರಡು ವರ್ಷದಿಂದ ಮಾಡದಿದ್ದ ಫೋನು ಮಾಡಿದೆ. ಹಿಂದಿನಿಂದ ಡೇರಿಗೆ ಹಾಲು ಅಳೆಯುವ ಸದ್ದು ಬರುತ್ತಿತ್ತು.

"ನಾನು ಸತ್ರೆ ಸೀರೆ ತರಬೇಡ ಕಣೋ" ಎಂದೆ. "ಪಂಚೆ ತಾ."

"ಯಾಕೆ, ಮೈಗೆ ಉಸಾರಿಲ್ವಾ?" ಗಾಬರಿಯಾಯಿತು ಅವನಿಗೆ.

"ಉಸಾರಾಗೇ ಇದೀನಿ. ಆಯ್ತು ಅನ್ನು, ಸಾಕು."

ಹಾಲಿನ ಕ್ಯಾನು ಕೆಳಗಿಟ್ಟ ಸದ್ದಾಯಿತು. ಅವನು ಸ್ವಲ್ಪ ದೂರ ನಡೆದು ಬಂದಿರಬೇಕು, ಸುತ್ತಲಿನ ಮಾತುಗಳು ತಗ್ಗಿದವು.

"ಆಯ್ತು ಕಣಕ್ಕ" ಎಂದ ಕೊನೆಗೆ. "ಪಂಚೆನೇ ತತ್ತೀನಿ."